ಫಲಕ ಕಾಣದಲ್ಲಿ ದಂಡವೇ?

ಹಿಂದಿನ ಕಾಲದಲ್ಲಿ ಸರಕಾರದ ಅಪ್ಪಣೆಯೊಂದು ಊರಿನಲ್ಲಿ ಜಾರಿಗೆ ಬರಬೇಕಾದರೆ ಮೊದಲು ತಳವಾರನು ತಮ್ಮಟೆ ಹೊಡೆದು ಓಣಿ ಓಣಿಗಳಲ್ಲಿ ಅದನ್ನು ಸಾರಿ ಬರುತ್ತಿದ್ದನು. ಸಾರಿದ ಮೇಲೆ ಮೀರಿದವನಿಗೆ ಜುಲ್ಮಾನೆ. ತಳವಾರನು ಮೇಲಿನ ಕೇರಿಯಲ್ಲಷ್ಟೇ ತಮ್ಮಟೆ ಹೊಡೆದು, ಬಿಸಿಲು ಹೆಚ್ಚಾಯಿತೆಂದು ಕೆಳಗಿನ ಕೇರಿಗೆ ಹೋಗದೆ ಮನೆಗೆ ಹಿಂದಿರುಗಿದನೆಂದು ಇಟ್ಟುಕೊಳ್ಳೋಣ. ಆಗ ಕೆಳಗಿನ ಕೇರಿಯವರಿಗೆ ದಂಡ ಹಾಕುವುದು ನ್ಯಾಯವೆಂದು ಒಪ್ಪುವವರಾರು? ಇಂದು ತಮ್ಮಟೆಯ ಸ್ಥಾನದಲ್ಲಿ ರಸ್ತೆಯ ಅಂಚಿನ ಕಬ್ಬಿಣದ ಕಂಬವೂ ಅದರ ತುದಿಯ ಫಲಕವೂ ನಿಂತಿವೆ. ತಳವಾರನ ಸ್ಥಾನದಲ್ಲಿ ಇಲಾಖೆಗಳು ಕುಳಿತಿವೆ. ಆದರೆ ಕೆಳಗಿನ ಕೇರಿಗೆ ಸಾರದೆಯೇ ಅಲ್ಲಿಂದ ದಂಡ ವಸೂಲು ಮಾಡುವ ಪದ್ಧತಿಯೊಂದು ಸದ್ದಿಲ್ಲದೆ ಬೇರೂರುತ್ತಿರುವಂತೆ ನಮಗೆ ತೋರುತ್ತದೆ.

ಈ ಮಾತನ್ನು ನಾವು ಎತ್ತಲು ಕಾರಣವಾದವರು ನಿವೃತ್ತ ಉಪಾಧ್ಯಾಯರೊಬ್ಬರು. ನಾಲ್ಕು ದಶಕಗಳ ಕಾಲ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ಹಳೆಯದೊಂದು ಸ್ಕೂಟರಿನಲ್ಲಿ, ತಲೆಗೆ ಹೆಲ್ಮೆಟ್ಟು ಧರಿಸಿ, ಎತ್ತಿನ ಗಾಡಿಗಿಂತ ಕೊಂಚ ಹೆಚ್ಚಿನ ವೇಗದಲ್ಲಿ ಹೋಗುವವರು. ಪಿಂಚಣಿಯ ದಿನ ಬ್ಯಾಂಕಿಗೆ ಹೋಗಲು ತಮ್ಮ ಮನೆಯ ಓಣಿಯಿಂದ ಪೇಟೆಯ ಬೀದಿಗೆ ಬಂದು ಎಂದಿನಂತೆ ಬಲಕ್ಕೆ ತಿರುಗಿದರು. ಹನ್ನೆರಡನೆಯ ದಿನ ಅವರ ಮೊಬೈಲಿಗೆ ಸಂದೇಶ ಬಂತು: ಏಕಮುಖ ಸಂಚಾರದ ಉಲ್ಲಂಘನೆ, ದಂಡ ಐದು ನೂರು ರೂಪಾಯಿ. ಜೊತೆಗೆ ಅವರ ಸ್ಕೂಟರಿನ ಬೆನ್ನಿನ ಚಿತ್ರ.

ಮೇಷ್ಟ್ರು ಹಣ ಕಟ್ಟಿ ಸುಮ್ಮನಾಗಲಿಲ್ಲ. ಮರುದಿನ ಆ ಬೀದಿಗೆ ಹೋಗಿ ಹೆಜ್ಜೆ ಎಣಿಸಿದರು. ಅವರು ಹೇಳಿದ್ದು ನಂಬತಕ್ಕದ್ದೋ ಅಲ್ಲವೋ ಎಂದು ನಾವೂ ಹೋಗಿ ನೋಡಿದೆವು. ಬೀದಿ ಪೂರ್ವದಿಂದ ಪಶ್ಚಿಮಕ್ಕೆ ಏಕಮುಖವಾಗಿದೆ. ಪಶ್ಚಿಮದ ತುದಿಯಲ್ಲಿ ಕೆಂಪು ವರ್ತುಲದ ನಡುವೆ ಬಿಳಿಯ ಪಟ್ಟಿಯುಳ್ಳ ಪ್ರವೇಶನಿಷೇಧದ ಫಲಕ ಇದೆ, ಸರಿಯಾಗಿಯೇ ಇದೆ. ಪೂರ್ವದ ತುದಿಯಲ್ಲಿ ಏಕಮುಖ ಸಂಚಾರದ ಫಲಕವೂ ಇದೆ. ಎರಡೂ ಬೀದಿಯ ಹೊರಗಿನಿಂದ ಬರುವವರನ್ನು ನೋಡುತ್ತ ನಿಂತಿವೆ. ಮೇಷ್ಟ್ರ ಓಣಿಯಾದರೋ ಬೀದಿಯ ನಡುಮಧ್ಯಕ್ಕೆ ಬಂದು ಸೇರುತ್ತದೆ. ಓಣಿಯ ಬಾಯಲ್ಲಿ ಫಲಕವಿಲ್ಲ, ನೆಲದ ಮೇಲೆ ಬಾಣದ ಗುರುತೂ ಇಲ್ಲ. ಅಲ್ಲಿಂದ ಹೊರಬಂದವನಿಗೆ ಎರಡು ಫಲಕಗಳೂ ತೋರಿಸುವುದು ತಮ್ಮ ಬೆನ್ನನ್ನು. ಆ ಪೈಕಿ ಒಂದರ ಬೆನ್ನಿಗೆ ಯಾವುದೋ ಮನೆಪಾಠದ ಜಾಹೀರಾತನ್ನು ಅಂಟಿಸಿದ್ದಾರೆ. ಎದುರಿನಿಂದ ಬರುವ ವಾಹನಗಳನ್ನು ನೋಡಿಯಾದರೂ ತಿಳಿಯಬಾರದಿತ್ತೆ ಎಂದು ವಾಚಕರು ಕೇಳಬಹುದು. ಮಧ್ಯಾಹ್ನ ಎರಡು ಗಂಟೆಯ ಹೊತ್ತು, ಅರ್ಧ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಪಕ್ಕದಲ್ಲಿ ನಿಲ್ಲಿಸಿದ್ದ ಸ್ಕೂಟರುಗಳು ಕೆಲವು ಆ ಕಡೆಗೆ, ಕೆಲವು ಈ ಕಡೆಗೆ ಮುಖ ಮಾಡಿಕೊಂಡಿದ್ದುವು. ಬೀದಿ ಏಕಮುಖವಾಗಿ ಆಗಿನ್ನೂ ಮೂರು ತಿಂಗಳಾಗಿತ್ತು. ಅವರು ಅದರಲ್ಲಿ ಎರಡೂ ದಿಕ್ಕಿಗೆ ಓಡಾಡಿದ್ದು ಮೂವತ್ತು ವರ್ಷ.

ಠಾಣೆಯಲ್ಲಿ ಅವರಿಗೆ ಕುರ್ಚಿ ಕೊಟ್ಟರು, ಮರ್ಯಾದೆಯಿಂದಲೇ ಮಾತಾಡಿದರು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

“ಮೇಷ್ಟ್ರೇ, ಬೋರ್ಡು ಎರಡೂ ತುದಿಗೆ ಇದೆ. ಕ್ಯಾಮರಾ ಸುಳ್ಳು ಹೇಳುತ್ತದೆಯೇ?” ಎಂದರು ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ಲರು.

“ಅದು ಸುಳ್ಳು ಹೇಳಿತೆಂದು ನಾನು ಹೇಳಲಿಲ್ಲಪ್ಪ. ಅದಕ್ಕೆ ನಾನು ಕಂಡೆ, ನನಗೆ ಬೋರ್ಡು ಕಾಣಲಿಲ್ಲ.”

“ಹಾಗಾದರೆ ಕೋರ್ಟಿನಲ್ಲಿ ಹೇಳಿಕೊಳ್ಳಿ ಸಾರ್. ಇಲ್ಲಿ ನಾವು ಕಟ್ಟಿಸಿಕೊಳ್ಳುವುದಕ್ಕೆ ಮಾತ್ರ ಆಗುತ್ತದೆ.”

ಮೇಷ್ಟ್ರು ಕೋರ್ಟಿಗೇ ಹೋದರು. ಮೊಕದ್ದಮೆ ಈಗ ಮ್ಯಾಜಿಸ್ಟ್ರೇಟರ ಮುಂದಿದೆ. ನ್ಯಾಯಸ್ಥಾನದ ಮುಂದಿರುವ ವಿಷಯದಲ್ಲಿ ತೀರ್ಪು ಹೇಳುವ ಅವಿವೇಕಕ್ಕೆ ನಾವು ಕೈಹಾಕುವುದಿಲ್ಲ. ನಮಗೆ ಬೇಕಾಗಿರುವುದು ಆ ಒಂದು ಸ್ಕೂಟರಿನ ವಿಷಯವಲ್ಲ, ಅದರ ಹಿಂದಿರುವ ತತ್ತ್ವ.

ಅಧಿಕಾರಿಗಳ ಪಕ್ಷದ ವಾದ ಎಲ್ಲರಿಗೂ ಪರಿಚಿತವಾದದ್ದೇ: ಕಾನೂನನ್ನು ಅರಿಯೆನೆಂಬುದು ಕ್ಷಮೆಗೆ ಕಾರಣವಾಗಲಾರದು. ಒಪ್ಪಿದೆವು. ಕುಡಿದು ವಾಹನ ನಡೆಸಬಾರದು, ಕೆಂಪು ದೀಪವನ್ನು ದಾಟಬಾರದು, ಇವು ದೇಶಕ್ಕೆಲ್ಲ ಒಂದೇ ಆಗಿರುವ ನಿಯಮಗಳು; ಲೈಸೆನ್ಸು ಪಡೆದವನು ಇವನ್ನು ತಿಳಿದಿರಲೇಬೇಕು. ಆದರೆ ಇಂಥ ಪಟ್ಟಣದ ಇಂಥ ಬೀದಿಯಲ್ಲಿ ಪೂರ್ವಕ್ಕೆ ಹೋಗಕೂಡದೆಂಬುದು ಯಾವ ಕಾಯಿದೆಯ ಪುಸ್ತಕದಲ್ಲಿದೆ? ಅದನ್ನು ಜನರಿಗೆ ತಿಳಿಸುವ ಸಾಧನ ಆ ಫಲಕವೊಂದೇ. 1988ರ ಮೋಟಾರು ವಾಹನಗಳ ಕಾಯಿದೆ ಇದನ್ನು ಬಲ್ಲದು. ವೇಗದ ಮಿತಿಗಳನ್ನೂ ನಿರ್ಬಂಧಗಳನ್ನೂ ‘ಸಾರ್ವಜನಿಕರ ಗಮನಕ್ಕೆ ತರುವ’ ಸಲುವಾಗಿ ಫಲಕಗಳನ್ನು ನೆಡಿಸಬಹುದೆಂದು ಅದರ 116ನೆಯ ಕಲಮು ಹೇಳುತ್ತದೆ. ಗಮನಕ್ಕೆ ತರುವುದು ಫಲಕದ ಕೆಲಸ. ಸುಮ್ಮನೆ ಎಲ್ಲೋ ಒಂದು ಕಡೆ ನಿಂತಿರುವುದು ಅದರ ಕೆಲಸವಲ್ಲ.

119ನೆಯ ಕಲಮು ವಾಹನ ಚಾಲಕನ ಮೇಲೆ ಫಲಕವನ್ನು ಪಾಲಿಸುವ ಕರ್ತವ್ಯವನ್ನು ಹೊರಿಸುತ್ತದೆ. ಹೊರಿಸುವಾಗಲೇ, ಯಾವ ಫಲಕವನ್ನು ಪಾಲಿಸಬೇಕೆಂಬುದನ್ನೂ ಅದು ವಿವರಿಸಿದೆ: ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಸೇರಿದ ಆಜ್ಞಾಫಲಕಗಳು, ಅಥವಾ ಅವುಗಳ ಮಾದರಿಯಲ್ಲಿಯೇ ಕೆಂಪು ನೆಲವೋ ಕೆಂಪು ಅಂಚೋ ಉಳ್ಳ ವರ್ತುಲಾಕಾರದ ಫಲಕಗಳು. ನಮ್ಮ ಪಟ್ಟಣಗಳಲ್ಲಿ ವಿದ್ಯುತ್ತಿನ ಕಂಬಕ್ಕೆ ತಂತಿಯಿಂದ ಕಟ್ಟಿದ, ಅಕ್ಷರ ಮಾಸಿದ ತಗಡಿನ ತುಂಡುಗಳು ಈ ವಿವರಣೆಗೆ ಎಷ್ಟರ ಮಟ್ಟಿಗೆ ಹೊಂದುವುವೆಂಬುದನ್ನು ವಾಚಕರೇ ನಿರ್ಣಯಿಸಬಹುದು. ಫಲಕ ಎಷ್ಟು ಎತ್ತರದಲ್ಲಿರಬೇಕು, ರಸ್ತೆಯ ಅಂಚಿಗೆ ಎಷ್ಟು ದೂರವಿರಬೇಕು, ಯಾವ ವೇಗದ ರಸ್ತೆಗೆ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆಲ್ಲ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ 67ನೆಯ ಸಂಖ್ಯೆಯ ಸಂಹಿತೆಯೊಂದನ್ನು ಮಾಡಿದೆ. ಇಂಜಿನಿಯರುಗಳ ಬೀರುವಿನಲ್ಲಿ ಅದು ಕ್ಷೇಮವಾಗಿದೆ.

ಇನ್ನೂ ಒಂದು ಮಾತು. ಸಂಚಾರದ ಫಲಕವನ್ನು ಮರೆಮಾಡುವ ಅಥವಾ ಚಾಲಕನನ್ನು ತಪ್ಪುದಾರಿಗೆಳೆಯುವ ಜಾಹೀರಾತನ್ನು ಕಿತ್ತುಹಾಕುವ ಅಧಿಕಾರವನ್ನು ಅದೇ 116ನೆಯ ಕಲಮು ಸರಕಾರಕ್ಕೆ ಕೊಟ್ಟಿದೆ. ಮುಖಂಡರೊಬ್ಬರ ಹುಟ್ಟುಹಬ್ಬ ಬಂದರೆ ವೃತ್ತದ ಫಲಕಗಳೆಲ್ಲ ಅವರ ನಗುಮುಖದ ಹಿಂದೆ ಒಂದು ವಾರ ಅಡಗಿ ಕೂರುತ್ತವೆ. ಆ ವಾರದಲ್ಲಿ ಆ ಅಧಿಕಾರವನ್ನು ಚಲಾಯಿಸಿದ ಅಧಿಕಾರಿಯನ್ನು ನಾವಿನ್ನೂ ಭೇಟಿಮಾಡಬೇಕಾಗಿದೆ.

ನಿಲುಗಡೆಯ ಸಂಗತಿ ಬೇರೆಯೇ ಒಂದು ಪುರಾಣ. ನೀಲಿಯ ನೆಲದ ಮೇಲೆ ಒಂದು ಓರೆಗೆರೆ ಇದ್ದರೆ ವಾಹನ ನಿಲ್ಲಿಸಿ ಹೋಗಬಾರದು, ಎರಡು ಗೆರೆಗಳು ಅಡ್ಡಹಾಯ್ದಿದ್ದರೆ ಕ್ಷಣಕಾಲವೂ ನಿಲ್ಲಿಸಬಾರದು. ಇಷ್ಟು ಸರಳ. ಆದರೆ ನಿಷೇಧ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಬಾಣದ ಗುರುತಿನಿಂದ ತೋರಿಸದೆ ಒಂದೇ ಒಂದು ಕಂಬ ನೆಟ್ಟರೆ, ಅದರ ಆಳ್ವಿಕೆ ಎಡಕ್ಕೋ ಬಲಕ್ಕೋ, ಹತ್ತು ಗಜಕ್ಕೋ ಇಡೀ ಬೀದಿಗೋ? ಕೆಲವು ಬೀದಿಗಳಲ್ಲಿ ಸಮಸಂಖ್ಯೆಯ ದಿನ ಈ ಪಕ್ಕ, ಬೆಸಸಂಖ್ಯೆಯ ದಿನ ಆ ಪಕ್ಕ ಎಂದು ಬರೆದಿರುವರು. ಗಾಡಿ ನಿಲ್ಲಿಸುವುದಕ್ಕೆ ಪಂಚಾಂಗ ನೋಡುವ ಕಾಲ ಬಂತಲ್ಲ ಎಂದು ನಕ್ಕು ಸುಮ್ಮನಾಗಬಹುದಿತ್ತು, ಆ ಅಕ್ಷರಗಳು ಮೂರು ಮಾರು ದೂರದಿಂದ ಓದಲು ಬರುವಂತಿದ್ದರೆ.

ಹೆದ್ದಾರಿಯಲ್ಲಿ ಇದು ನಗೆಯ ಮಾತಾಗಿ ಉಳಿಯುವುದಿಲ್ಲ. ಗಂಟೆಗೆ 80 ಕಿಲೋಮೀಟರು ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ವೇಗವನ್ನು 40ಕ್ಕೆ ಇಳಿಸಬೇಕೆಂಬ ಫಲಕವನ್ನು ತಿರುವಿನ ಆಚೆಗೆ ನೆಟ್ಟು, ಅದರ ಬುಡದಲ್ಲಿಯೇ ಕ್ಯಾಮರಾ ಇಟ್ಟರೆ, ಫಲಕ ಕಂಡು, ಓದಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ದಂಡದ ಚಿತ್ರ ತೆಗೆದು ಮುಗಿದಿರುತ್ತದೆ. ಗಾಬರಿಯಿಂದ ಬ್ರೇಕು ಒತ್ತಿದವನ ಹಿಂದೆ ಲಾರಿಯೊಂದು ಬರುತ್ತಿದ್ದರೆ ಆಗುವ ನಷ್ಟ ದಂಡದ್ದು ಮಾತ್ರವಲ್ಲ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ನಿಯಮವನ್ನು ಸೇರಿಸಿದಾಗ, ಯಂತ್ರಗಳಿಂದ ನಿಗಾ ಇಡುವ ಸ್ಥಳಗಳಿಗೆ ಮುಂಚೆಯೇ ಎದ್ದುಕಾಣುವಂತೆ ಎಚ್ಚರಿಕೆಯ ಫಲಕಗಳನ್ನು ಇಡತಕ್ಕದ್ದೆಂದೂ, ಆ ಯಂತ್ರಗಳಿಗೆ ಪ್ರಮಾಣಪತ್ರವಿದ್ದು ವರ್ಷ ವರ್ಷವೂ ಅದನ್ನು ನವೀಕರಿಸತಕ್ಕದ್ದೆಂದೂ ವಿಧಿಸಿದರು. ಯಂತ್ರಕ್ಕೆ ವರ್ಷಕ್ಕೊಮ್ಮೆ ಪರೀಕ್ಷೆಯುಂಟು. ಯಂತ್ರ ಯಾವುದನ್ನು ಕಾಯುತ್ತಿದೆಯೋ ಆ ಫಲಕಕ್ಕೂ ಅಂಥದೊಂದು ಪರೀಕ್ಷೆ ಬೇಡವೇ?

ಪಾಶ್ಚಾತ್ಯರ ದೃಷ್ಟಾಂತವನ್ನು ಮಾತು ಮಾತಿಗೆ ತರುವವರು ನಾವಲ್ಲ. ಆದರೂ ಇಂಗ್ಲೆಂಡಿನಲ್ಲಿ 1984ರ ರಸ್ತೆ ಸಂಚಾರ ನಿಯಂತ್ರಣದ ಶಾಸನ ಏನು ಹೇಳುತ್ತದೆಂಬುದನ್ನು ನಮ್ಮ ಅಧಿಕಾರಿಗಳು ನೋಡಬೇಕು. ಸಾಲುದೀಪಗಳಿಲ್ಲದ ರಸ್ತೆಯಲ್ಲಿ ವೇಗದ ಮಿತಿಯನ್ನು ವಿಧಿಪೂರ್ವಕವಾದ ಫಲಕಗಳಿಂದ ಸೂಚಿಸಿರದ ಹೊರತು ಆ ಮಿತಿಯನ್ನು ಮೀರಿದನೆಂದು ಯಾರನ್ನೂ ಅಪರಾಧಿಯೆಂದು ತೀರ್ಮಾನಿಸಕೂಡದೆಂಬುದು ಅದರ 85ನೆಯ ಕಲಮು. ಚಾಲಕನು ಸಿಕ್ಕಿಬಿದ್ದ ಸ್ಥಳವನ್ನು ತಲುಪುವುದರೊಳಗೆ ಅವನಿಗೆ ಮಿತಿಯ ಬಗ್ಗೆ ಸಾಕಷ್ಟು ಸೂಚನೆ ದೊರೆತಿರಬೇಕೆಂದು 2006ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಹೇಳಿತು. ರಸ್ತೆಯಲ್ಲಿ ಎಲ್ಲೋ ಒಂದು ಫಲಕವಿತ್ತೆಂದರೆ ಸಾಲದು. ಅವನು ಬಂದ ದಾರಿಯಲ್ಲಿ ಇತ್ತೇ ಎಂಬುದು ಪ್ರಶ್ನೆ. ನಮ್ಮ ಮೇಷ್ಟ್ರು ಹೆಜ್ಜೆ ಎಣಿಸಿ ಕಂಡುಕೊಂಡದ್ದೂ ಇದನ್ನೇ. ನಮ್ಮ ಕಾಯಿದೆಯಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯವಿಲ್ಲದಿರುವುದೇ ದೊಡ್ಡ ಕೊರತೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 17ನೆಯ ಕಲಮು, ಸಂಗತಿಯನ್ನು ತಪ್ಪಾಗಿ ತಿಳಿದು, ತಾನು ಮಾಡುವುದು ಕಾನೂನಿಗೆ ಸಮ್ಮತವೆಂದು ಸದ್ಭಾವದಿಂದ ನಂಬಿ ಮಾಡಿದ ಕೃತ್ಯ ಅಪರಾಧವಲ್ಲವೆನ್ನುತ್ತದೆ. 1860ರ ಹಳೆಯ ದಂಡಸಂಹಿತೆಯಲ್ಲಿಯೂ ಇದು ಇತ್ತು. ಫಲಕ ಕಾಣದವನಿಗೆ ಅದು ಎಷ್ಟು ನೆರವಾದೀತೆಂಬುದನ್ನು ನ್ಯಾಯಾಧೀಶರು ನಿರ್ಣಯಿಸಬೇಕು. ಐದು ನೂರು ರೂಪಾಯಿಯ ದಂಡಕ್ಕೆ ವಕೀಲರನ್ನಿಟ್ಟು ಆ ವಾದವನ್ನು ಮಂಡಿಸುವವರಾರು?

ಇಲ್ಲಿಯೇ ರೋಗದ ಮೂಲವಿದೆ. ಠಾಣೆಯಲ್ಲಿ ಹಣ ಕಟ್ಟುವುದೆಂದರೆ ನ್ಯಾಯನಿರ್ಣಯವಲ್ಲ; 200ನೆಯ ಕಲಮಿನ ಪ್ರಕಾರ ಅದೊಂದು ರಾಜಿ. ಹಣ ಕೊಟ್ಟರೆ ಮೊಕದ್ದಮೆ ನಿಂತಿತು. ತಪ್ಪು ಮಾಡಿದವನೂ ಮಾಡದವನೂ ಅದೇ ಕಿಟಕಿಯ ಮುಂದೆ ಸಾಲು ನಿಲ್ಲುತ್ತಾರೆ, ಏಕೆಂದರೆ ಕೋರ್ಟಿಗೆ ಹೋಗುವ ಒಂದು ದಿನದ ಕೂಲಿಯೋ ರಜೆಯೋ ದಂಡಕ್ಕಿಂತ ದುಬಾರಿ. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಬಾಕಿಯಿದ್ದ ಸಂಚಾರದ ದಂಡಗಳಲ್ಲಿ ಅರ್ಧವನ್ನು ಬಿಟ್ಟುಕೊಟ್ಟಿತು. ಅಂಥದೇ ರಿಯಾಯಿತಿ 2025ರಲ್ಲಿಯೂ ಬಂತು. ಜನ ಮುಗಿಬಿದ್ದು ಕಟ್ಟಿದರು, ಬೊಕ್ಕಸಕ್ಕೆ ಹಣ ಬಂತು. ಉದಾರವಾದ ಕ್ರಮವೆಂದು ಅನೇಕರು ಹೊಗಳಿದರು. ನಮಗೆ ಹಾಗೆ ತೋರಲಿಲ್ಲ. ನಿಜವಾಗಿ ತಪ್ಪು ಮಾಡಿದವನಿಗೆ ಅರ್ಧ ಮಾಫಿ ಏಕೆ? ತಪ್ಪೇ ಮಾಡದವನಿಂದ ಉಳಿದರ್ಧವಾದರೂ ಏಕೆ? ಜವಳಿ ಅಂಗಡಿಯ ಆಷಾಢದ ರಿಯಾಯಿತಿಯಂತೆ ದಂಡವನ್ನೂ ಮಾರತೊಡಗಿದರೆ ಅದಕ್ಕೆ ಶಿಕ್ಷೆಯ ಗೌರವವೂ ಉಳಿಯದು, ನ್ಯಾಯದ ಗೌರವವೂ ಉಳಿಯದು. ಎಲ್ಲಕ್ಕಿಂತ ಕೆಟ್ಟ ಪರಿಣಾಮವೆಂದರೆ, ಕೆಟ್ಟ ಫಲಕದ ವಿಷಯದಲ್ಲಿ ಮಾತೆತ್ತಬೇಕಾದವನೂ ಇನ್ನೂರೈವತ್ತು ಕೊಟ್ಟು ಮನೆಗೆ ಹೋಗುತ್ತಾನೆ. ಫಲಕ ಅಲ್ಲಿಯೇ ನಿಂತು ಮರುದಿನ ಇನ್ನೊಬ್ಬನನ್ನು ಹಿಡಿಯುತ್ತದೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರೆಂಬ ಗಾದೆಯನ್ನು ನಾವು ಕೇಳಿದ್ದೇವೆ. ಇಲ್ಲಿ ಎತ್ತಿನಿಂದ ಬರೆಯ ಖರ್ಚನ್ನೂ ವಸೂಲು ಮಾಡುತ್ತಿರುವರು.

ಸಣ್ಣ ಮೊತ್ತದ ವಿಷಯಕ್ಕೆ ಇಷ್ಟು ದೊಡ್ಡ ಮಾತೇಕೆ ಎನ್ನುವವರು 2019ರ ತಿದ್ದುಪಡಿಯನ್ನು ಓದಬೇಕು. ಸಂಚಾರದ ಅಧಿಕೃತ ದಿಕ್ಕಿಗೆ ವಿರುದ್ಧವಾಗಿ ವಾಹನ ನಡೆಸುವುದನ್ನು ಅದು ‘ಸಾರ್ವಜನಿಕರಿಗೆ ಅಪಾಯಕರವಾದ ಚಾಲನೆ’ಯ ಪಟ್ಟಿಗೆ ಸೇರಿಸಿತು. ಅದಕ್ಕೆ ಮೊದಲ ಸಲವೇ ಸಾವಿರದಿಂದ ಐದು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಅಥವಾ ಎರಡೂ. ನಮ್ಮ ಮೇಷ್ಟ್ರಿಗೆ ಬಂದದ್ದು ಐದು ನೂರರ ಚೀಟಿ. ಅದೇ ಓಣಿಯ ಬಾಯಲ್ಲಿ, ಅದೇ ಕಾಣದ ಫಲಕಕ್ಕಾಗಿ, ಇನ್ನೊಬ್ಬನ ಮೇಲೆ ಈ ಕಲಮನ್ನು ಹಾಕಬಾರದೆಂಬ ನಿಯಮವೇನೂ ಇಲ್ಲ.

ಅದೇ ತಿದ್ದುಪಡಿಯಲ್ಲಿ 198ಎ ಎಂಬ ಇನ್ನೊಂದು ಹೊಸ ಕಲಮು ಬಂತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳಲ್ಲಿ ನಿಗದಿಯಾದ ಮಟ್ಟವನ್ನು ಪಾಲಿಸದ ಅಧಿಕಾರಸ್ಥಾನಕ್ಕೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಬಹಳ ಸರಿ. ಆದರೆ ಯಾವಾಗ? ಆ ಲೋಪದಿಂದ ಒಬ್ಬನು ಸತ್ತರೆ ಅಥವಾ ಅಂಗವಿಕಲನಾದರೆ ಮಾತ್ರ! ಪ್ರಜೆ ಯಾರ ಕೂದಲೂ ಕೊಂಕದಂತೆ ತಪ್ಪು ದಿಕ್ಕಿಗೆ ಇಪ್ಪತ್ತು ಗಜ ಹೋದರೂ ದಂಡ. ಫಲಕವನ್ನು ತಪ್ಪು ದಿಕ್ಕಿಗೆ ನೆಟ್ಟ ಅಧಿಕಾರಸ್ಥಾನಕ್ಕೆ ಹೆಣ ಬಿದ್ದ ಮೇಲೆ ಮಾತ್ರ ದಂಡ. ಈ ಎರಡು ಕಲಮುಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದ ಶಾಸನಸಭೆಯ ಸದಸ್ಯರು ಎಷ್ಟು ಮಂದಿ?

ನಾವು ನಿಯಮ ಮೀರುವವರ ವಕಾಲತ್ತು ವಹಿಸಿದ್ದೇವೆಂದು ಯಾರೂ ತಿಳಿಯಬಾರದು. 2022ನೆಯ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರಕಾರದ ವರದಿಯೇ ಹೇಳಿತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬಂತೆ ಸೇತುವೆಯ ಮೇಲೆ ಎದುರುದಿಕ್ಕಿಗೆ ನುಗ್ಗುವ ಮಹನೀಯರನ್ನು ನಾವೂ ದಿನವೂ ನೋಡುತ್ತಿದ್ದೇವೆ. ಅವರಿಗೆ ದಂಡ ಇನ್ನೂ ಹೆಚ್ಚಾದರೂ ನಮ್ಮ ಆಕ್ಷೇಪವಿಲ್ಲ. ಫಲಕ ಕಾಣಲಿಲ್ಲವೆಂಬ ನೆವವನ್ನು ಇಂಥವರೂ ಹೇಳಿಯಾರು, ಕೋರ್ಟುಗಳು ತುಂಬಿ ಹೋದಾವು ಎಂಬ ಭಯವೂ ಅಸಹಜವಾದದ್ದಲ್ಲ. ಆದರೆ ಈ ನೆವದ ಸತ್ಯಾಸತ್ಯವನ್ನು ಅರಿಯುವುದು ಸಾಕ್ಷಿ ವಿಚಾರಣೆಯ ಕಷ್ಟದ ಕೆಲಸವೇನಲ್ಲ. ಕಂಬ ಎಲ್ಲಿಗೂ ಓಡಿಹೋಗುವುದಿಲ್ಲ. ಅಧಿಕಾರಿಯೊಬ್ಬನು ಚಾಲಕನು ಬಂದ ದಾರಿಯಲ್ಲಿಯೇ ನಡೆದು ಬಂದು ನೋಡಿದರೆ ಮುಗಿಯಿತು. ಕಾಲು ಗಂಟೆಯ ಕೆಲಸ.

ಆದುದರಿಂದ ಸರಕಾರ ಮಾಡಬೇಕಾದದ್ದು ಇಷ್ಟು. ಫಲಕದ ಬಗ್ಗೆ ಆಕ್ಷೇಪ ಬಂದರೆ ಅದನ್ನು ಠಾಣೆಯಲ್ಲಿಯೇ ಬರೆದುಕೊಂಡು ರಶೀದಿ ಕೊಡಬೇಕು. ದಂಡ ಹಾಕಿದ ಠಾಣೆಯವರಲ್ಲದ ಬೇರೊಬ್ಬ ಅಧಿಕಾರಿ ಗೊತ್ತಾದ ಅವಧಿಯೊಳಗೆ ಸ್ಥಳ ನೋಡಿ ಬರಹದಲ್ಲಿ ಉತ್ತರ ಕೊಡಬೇಕು. ಅಲ್ಲಿಯವರೆಗೆ ದಂಡ ತಡೆಯಲ್ಲಿರಬೇಕು. ಆಕ್ಷೇಪ ನಿಜವೆಂದು ಕಂಡರೆ ಆಕ್ಷೇಪಿಸಿದವನ ಚೀಟಿಯನ್ನು ಮಾತ್ರ ಹರಿದುಹಾಕಿ ಕೈತೊಳೆದುಕೊಳ್ಳಕೂಡದು. ಆ ಸ್ಥಳದಲ್ಲಿ ಆ ದಿಕ್ಕಿನಿಂದ ಬಂದು ಸಿಕ್ಕಿಬಿದ್ದವರೆಲ್ಲರ ದಂಡವೂ ರದ್ದಾಗಬೇಕು, ಕಟ್ಟಿದವರಿಗೆ ಹಣ ಹಿಂದಕ್ಕೆ ಹೋಗಬೇಕು. ಕ್ಯಾಮರಾದ ಲೆಕ್ಕದಲ್ಲಿ ಅವರೆಲ್ಲರ ವಾಹನದ ಸಂಖ್ಯೆಯೂ ಇದೆ, ದಿನವೂ ಇದೆ; ವಸೂಲಿಗೆ ನೆರವಾದ ಆ ಲೆಕ್ಕ ಹಿಂದಿರುಗಿಸುವುದಕ್ಕೂ ನೆರವಾಗಲಿ. ಈ ಒಂದು ಕೊನೆಯ ಏರ್ಪಾಟಾದರೆ ಫಲಕಗಳು ತಾವಾಗಿಯೇ ನೆಟ್ಟಗಾದಾವೆಂದು ನಮ್ಮ ನಂಬಿಕೆ, ಏಕೆಂದರೆ ಬೊಕ್ಕಸದಿಂದ ಹಣ ಹೊರಟಾಗ ಇಲಾಖೆಗಳಿಗೆ ಬರುವ ಎಚ್ಚರ ಬೇರೆ ಯಾವುದರಿಂದಲೂ ಬರುವುದಿಲ್ಲ. ಬೀದಿಯನ್ನು ಏಕಮುಖ ಮಾಡುವವರು ಪೋಲೀಸರು, ಕಂಬ ನೆಡುವವರು ಪಾಲಿಕೆಯವರು, ಕೊಂಬೆ ಸವರುವವರು ಮತ್ತಾರೋ, ಹೀಗೆ ಒಬ್ಬರತ್ತ ಒಬ್ಬರು ಬೆರಳು ತೋರುವುದು ಅವರ ಒಳಮನೆಯ ವಿಚಾರ. ದಂಡ ಕಟ್ಟುವವನಿಗೆ ಸರಕಾರ ಒಂದೇ.

ಮೊನ್ನೆ ಮೇಷ್ಟ್ರು ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ರಿಯಾಯಿತಿ ಬಂದಾಗ ಕಟ್ಟಿಬಿಡಬಹುದಲ್ಲ, ಇಳಿವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಏಕೆ ಎಂದು ಮನೆಯವರೆಲ್ಲ ಹೇಳುತ್ತಿದ್ದಾರಂತೆ. “ಲೆಕ್ಕದಲ್ಲಿ ಹುಡುಗನ ಉತ್ತರ ಸರಿಯಿದ್ದರೆ ಅರ್ಧ ಅಂಕ ಕಳೆಯುವುದುಂಟೇ ಸ್ವಾಮಿ?” ಎಂದು ಕೇಳಿದರು. ಮುಂದಿನ ವಾಯಿದೆಗೆ ಓಣಿಯ ಬಾಯಿಯ ನಾಲ್ಕು ಛಾಯಾಚಿತ್ರಗಳನ್ನೂ, ಕೈಯಿಂದ ಬರೆದ ನಕ್ಷೆಯನ್ನೂ ಹಾಜರುಪಡಿಸುವರಂತೆ. ಈ ಬರಹ ಅಚ್ಚಿಗೆ ಹೋಗುವ ಮುಂಚೆ ನಾವು ಮತ್ತೊಮ್ಮೆ ಆ ಬೀದಿಗೆ ಹೋಗಿ ಬಂದೆವು. ಓಣಿಯ ಬಾಯಲ್ಲಿ ಫಲಕ ಇನ್ನೂ ಬಂದಿಲ್ಲ. ಕ್ಯಾಮರಾ ಮಾತ್ರ ಕೆಲಸ ಮಾಡುತ್ತಿದೆ.